ಅಮರ ಸುಳ್ಯದ ದಂಡು ಮಂಗಳೂರು ಹಿಡಿದಾಗ ಪಕ್ಕದ ರಾಜರು ಎಲ್ಲಿದ್ದರು?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 1837ರ ಅಮರ ಸುಳ್ಯ ದಂಗೆಯ ಬಗ್ಗೆಯೇ ಇವೆ. 2022ರ ನವೆಂಬರ್‌ನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತ ಮೇಲೆ ಕೇಳುವವರು ಹೆಚ್ಚಾಗಿದ್ದಾರೆ. ಸಂತೋಷ. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ನಮ್ಮೂರ ಬಂಗ್ಲೆಗುಡ್ಡೆಯ ಖಜಾನೆಯನ್ನು ದಂಗೆಯವರು ವಶ ಮಾಡಿಕೊಂಡರು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಕಂದಾಯ ರಾಜರ ಕಾಲದಲ್ಲೂ ಇತ್ತು, ಕಂಪನಿ ಕಾಲದಲ್ಲೂ ಇತ್ತು. ಭತ್ತದ ಬದಲು ಹಣ ಕಟ್ಟಿ ಅಂದ ಮಾತ್ರಕ್ಕೆ ಜನ ಕತ್ತಿ ಹಿಡಿಯುತ್ತಾರೆಯೇ?
— ಅಡಿಕೆ ಕೃಷಿಕರು, ಬೆಳ್ಳಾರೆ

ಹಿಡಿಯುತ್ತಾರೆ. ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಇಡೀ ದಂಗೆಯ ಬೇರು ಇರುವುದು ನೀವು ಕೇಳಿದ ಪ್ರಶ್ನೆಯಲ್ಲೇ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಮೈಸೂರು ಯುದ್ಧದಲ್ಲಿ ನೆರವಾದ ಕೊಡಗಿನ ದೊಡ್ಡ ವೀರರಾಜೇಂದ್ರನಿಗೆ ಕಂಪನಿ 1804ರಲ್ಲಿ ಪಂಜ, ಬೆಳ್ಳಾರೆ ಸೀಮೆಯನ್ನು ಬಿಟ್ಟುಕೊಟ್ಟಿತು. ಮೂವತ್ತು ವರ್ಷ ನಿಮ್ಮೂರಿನವರು ಮಡಿಕೇರಿಯತ್ತ ಮುಖ ಮಾಡಿಕೊಂಡಿದ್ದರು. 1834ರ ಏಪ್ರಿಲ್‌ನಲ್ಲಿ ಕಂಪನಿ ಕೊಡಗಿನ ಮೇಲೆ ದಂಡೆತ್ತಿ ಹೋಗಿ ಚಿಕ್ಕ ವೀರರಾಜೇಂದ್ರನನ್ನು ಇಳಿಸಿತು. ಆಮೇಲೆ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಕಡೆಯ ನೂರಕ್ಕೂ ಹೆಚ್ಚು ಗ್ರಾಮಗಳನ್ನು ಕೊಡಗಿನಿಂದ ಕಿತ್ತು ಮತ್ತೆ ಮಂಗಳೂರಿನ ಕಲೆಕ್ಟರ ಕಚೇರಿಗೆ ಸೇರಿಸಿತು. ಊರಿನವರನ್ನು ಕೇಳಿದವರು ಯಾರೂ ಇಲ್ಲ.

ಅರಸರ ಕಾಲದಲ್ಲಿ ಕಂದಾಯವನ್ನು ಧಾನ್ಯದಲ್ಲೇ ಸಲ್ಲಿಸುವ ರೂಢಿಯಿತ್ತು. ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು ಕಟ್ಟಿದ ಅಕ್ಕಿ ಮುಡಿ ಉಗ್ರಾಣಕ್ಕೆ ಹೋದರೆ ಲೆಕ್ಕ ಚುಕ್ತಾ. ಮಂಗಳೂರಿನ ಕಚೇರಿ ಮಾತ್ರ ನಾಣ್ಯ ಕೇಳಿತು. ಘಟ್ಟದಡಿಯ ಒಕ್ಕಲಿನ ಮನೆಯಲ್ಲಿ ಅಕ್ಕಿ ಇರುತ್ತಿತ್ತು, ಕಾಳುಮೆಣಸು ಇರುತ್ತಿತ್ತು, ರೂಪಾಯಿ ಇರುತ್ತಿರಲಿಲ್ಲ. ಕಿಸ್ತು ಕಟ್ಟಲು ಒಂದೋ ಸಾಹುಕಾರನ ಹತ್ತಿರ ಸಾಲ ಎತ್ತಬೇಕು, ಇಲ್ಲವೇ ಬೆಳೆಯನ್ನು ಬಂಟ್ವಾಳ, ಪಾಣೆಮಂಗಳೂರಿನ ವ್ಯಾಪಾರಿ ಕೇಳಿದ ಬೆಲೆಗೆ ಕೊಟ್ಟು ಬರಬೇಕು. ಕೊಯ್ಲು ಮುಗಿದೊಡನೆ ಎಲ್ಲರೂ ಒಟ್ಟಿಗೇ ಮಾರಲು ಹೊರಟರೆ ಬೆಲೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಅದೂ ಅಲ್ಲದೆ 1820ರ ದಶಕದ ಕೊನೆಯಿಂದ ಮದರಾಸು ಪ್ರಾಂತ್ಯದಲ್ಲೆಲ್ಲ ಧಾನ್ಯದ ಬೆಲೆ ಕುಸಿದು ಕೂತಿತ್ತು. ಬೆಳೆಯ ಪಾಲು ಕೊಡುವವನು ಬೆಳೆ ಕಡಿಮೆಯಾದರೆ ಕಡಿಮೆ ಕೊಡುತ್ತಾನೆ. ನಗದು ಕಂದಾಯಕ್ಕೆ ಬೆಳೆಯ ಹಂಗೂ ಇಲ್ಲ, ಬೆಲೆಯ ಹಂಗೂ ಇಲ್ಲ. ಅಡಿಕೆ ದರ ನೆಲ ಕಚ್ಚಿದ ವರ್ಷ ಸೊಸೈಟಿ ಸಾಲದ ಕಂತು ಕಟ್ಟಿದ ಅನುಭವ ನಿಮಗಿದ್ದರೆ ಅವರ ಸಂಕಟ ಬೇಗ ಅರ್ಥವಾದೀತು. ದರ ಬಿದ್ದಾಗ ಆಧಾರವಾಗಲೆಂದು ನಿಮ್ಮ ಹಿಂದಿನ ತಲೆಮಾರಿನವರು 1973ರಲ್ಲಿ ಕ್ಯಾಂಪ್ಕೋ ಕಟ್ಟಿಕೊಂಡರು. 1837ರ ಒಕ್ಕಲಿಗೆ ಅಂಥ ಆಸರೆ ಯಾವುದೂ ಇರಲಿಲ್ಲ. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವೂ ಸರಕಾರದ ಏಕಸ್ವಾಮ್ಯವಾಗಿದ್ದರಿಂದ ದಿನನಿತ್ಯದ ಖರ್ಚಿನಲ್ಲೂ ಕಂಪನಿಯ ಕೈ ಇತ್ತು.

ಜನ ಏಕಾಏಕಿ ಕತ್ತಿಗೆ ಕೈ ಹಾಕಿದರು ಎಂದೂ ತಿಳಿಯಬೇಡಿ. 1830–31ರಲ್ಲಿ ಕೆನರಾದ ರೈತರು ಊರೂರಲ್ಲಿ ‘ಕೂಟ’ ಸೇರಿದ್ದರು. ಕದ್ರಿ ಮಂಜುನಾಥನ ಸನ್ನಿಧಿಯಲ್ಲೇ ದೊಡ್ಡ ಕೂಟ ನಡೆದು, ಕಂದಾಯ ಕಟ್ಟುವುದಿಲ್ಲ ಎಂದು ಪಟ್ಟು ಹಿಡಿದರು. ಆಯುಧವಿಲ್ಲದ ಚಳುವಳಿ ಅದು. ಗಾಂಧೀಜಿ ಹುಟ್ಟುವುದಕ್ಕೆ ಸುಮಾರು ನಲವತ್ತು ವರ್ಷ ಮೊದಲಿನ ಈ ಕರನಿರಾಕರಣೆ ನಮ್ಮ ಶಾಲೆಯ ಪಾಠಗಳಲ್ಲಿ ಇಲ್ಲದಿರುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಕಲ್ಯಾಣಸ್ವಾಮಿ ಎಂಬವರು ನಿಜವಾಗಿ ಯಾರು? ಮಕ್ಕಳಿಗೆ ಪಾಠ ಮಾಡುವಾಗ ಒಂದು ಪುಸ್ತಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಸಿಗುತ್ತದೆ. ಇದು ಒಂದು ಸಮುದಾಯದ ಹೋರಾಟ ಎಂದು ಕೆಲವರು ಹೇಳುತ್ತಾರೆ. ಹೌದೇ?
— ಪ್ರೌಢಶಾಲಾ ಶಿಕ್ಷಕಿ, ಸುಳ್ಯ

ಮೂವರನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಗೊಂದಲ ಕಳೆಯುತ್ತದೆ. ಕೊಡಗಿನ ಹಾಲೇರಿ ಅರಸುಮನೆತನದವನೆಂದು ಹೇಳಿಕೊಂಡು ಮೊದಲು ಜನರನ್ನು ಸೇರಿಸಿದವರು ಅಪರಂಪಾರ ಸ್ವಾಮಿ. ಕಂಪನಿ ಅವರನ್ನು ಹಿಡಿದು ಸೆರೆಗೆ ಹಾಕಿತು. ಅವರ ನಂತರ ಕಾಣಿಸಿಕೊಂಡವರು ಕಲ್ಯಾಣಸ್ವಾಮಿ, ಅವರೂ ಬಂಧನಕ್ಕೊಳಗಾದರು. ಆ ಹೊತ್ತಿಗೆ ಆ ಹೆಸರು ಮಲೆಗಳಲ್ಲೆಲ್ಲ ಹಬ್ಬಿಬಿಟ್ಟಿತ್ತು. ಆಗ ಮುಂದಾಳುಗಳು ಪುಟ್ಟಬಸಪ್ಪ ಎಂಬವರನ್ನು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮುಂದೆ ನಿಲ್ಲಿಸಿದರು. ಮಂಗಳೂರಿಗೆ ದಂಡು ತಂದವರು ಈ ಮೂರನೆಯವರು.

ಇದನ್ನು ಕೇಳಿ ‘ಹಾಗಾದರೆ ವೇಷಧಾರಿ’ ಎಂದು ತಳ್ಳಿಹಾಕುವುದು ಕಂಪನಿಯ ಅಧಿಕಾರಿಗಳು ಕಲಿಸಿದ ದೃಷ್ಟಿ. ಕೆದಂಬಾಡಿ ರಾಮಯ್ಯ ಗೌಡರಿಗಾಗಲೀ ಗುಡ್ಡೆಮನೆ ಅಪ್ಪಯ್ಯ ಗೌಡರಿಗಾಗಲೀ ತಾವು ಯಾರನ್ನು ಮುಂದಿಟ್ಟುಕೊಂಡಿದ್ದೇವೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅರಸನಿಲ್ಲದೆ ರಾಜ್ಯವನ್ನು ಊಹಿಸಿಕೊಳ್ಳಲಾಗದ ಕಾಲದಲ್ಲಿ ಅವರಿಗೆ ಅರಸನ ಹೆಸರೊಂದು ಬೇಕಿತ್ತು. ಚಿಕ್ಕ ವೀರರಾಜೇಂದ್ರ ಆಗ ದೂರದ ಕಾಶಿಯಲ್ಲಿ ಕಂಪನಿಯ ಕಣ್ಗಾವಲಲ್ಲಿ ದಿನ ದೂಡುತ್ತಿದ್ದ.

ಉಬರಡ್ಕ ಮಿತ್ತೂರಿನ ಮದುವೆಗದ್ದೆಯ ಮಾತನ್ನು ನೀವೂ ಕೇಳಿರುತ್ತೀರಿ. ಮದುವೆಯ ನೆಪದಲ್ಲಿ ಅಲ್ಲಿ ಜನ ಸೇರಿದರು ಎಂಬುದು ಊರಿನ ನೆನಪು. 1837ರ ಮಾರ್ಚ್ ಕೊನೆಯಲ್ಲಿ ದಂಡು ಹೊರಟಿತು. ಸುಳ್ಯ, ಬೆಳ್ಳಾರೆ, ಪುತ್ತೂರು ಕೈಸೇರಿದವು. ಪುತ್ತೂರಿಗೆ ಸಿಪಾಯಿಗಳ ಸಣ್ಣ ತುಕಡಿಯೊಂದಿಗೆ ಬಂದ ಕಲೆಕ್ಟರ್ ಲೆವಿನ್ ಮಂಗಳೂರಿಗೆ ಹಿಂದಿರುಗಬೇಕಾಯಿತು. ಪಾಣೆಮಂಗಳೂರು ದಾಟಿ ಏಪ್ರಿಲ್ 5ರಂದು ದಂಡು ಮಂಗಳೂರು ಹೊಕ್ಕಿತು. ಹದಿಮೂರು ದಿನ ಪಟ್ಟಣ ಅವರ ಕೈಯಲ್ಲಿತ್ತು. ಬಾವುಟ ಏರಿದ ಗುಡ್ಡ ಬಾವುಟಗುಡ್ಡೆ ಆಯಿತು. ಸೆರೆಮನೆಯ ಬಾಗಿಲು ತೆರೆಯಿತು, ಕಚೇರಿಗೆ ಬೆಂಕಿ ಬಿತ್ತು. ಲೂಟಿಯೂ ನಡೆಯಿತು, ಕೊಲೆಯೂ ನಡೆಯಿತು. ಸುಳ್ಯದ ಕಡೆ ಅಟ್ಲೂರು ರಾಮಪ್ಪಯ್ಯ ಎಂಬವನನ್ನು ಕೊಂದ ಮೇಲೆಯೇ ದಂಡು ಮುಂದೆ ಸಾಗಿದ್ದು. ಅದನ್ನೂ ಮಕ್ಕಳಿಗೆ ಹೇಳಿ. ಹೇಳಿದರೆ ಹೋರಾಟದ ಗೌರವ ಕಡಿಮೆಯಾಗುವುದಿಲ್ಲ.

ಇನ್ನು ಸಮುದಾಯದ ಪ್ರಶ್ನೆ. ದಂಗೆಯ ಬೆನ್ನೆಲುಬು ಅರೆಭಾಷೆ ಗೌಡರು, ಅನುಮಾನವಿಲ್ಲ. ಆದರೆ ಪುಟ್ಟಬಸಪ್ಪ ಲಿಂಗಾಯತರು, ನಂದಾವರದ ಲಕ್ಷ್ಮಪ್ಪ ಬಂಗ ಅರಸರು ಜೈನರು, ಚೆಟ್ಟಿ ಕುಡಿಯ ಮತ್ತು ಕುರ್ತ ಕುಡಿಯ ಎಂಬವರು ಮಲೆಯ ಕುಡಿಯರು. ಕುಂಬಳೆ ಕಡೆಯಿಂದ ಸುಬ್ರಾಯ ಹೆಗ್ಡೆಯವರು ಬಂದರು. ಕೊಡಗಿನ ದಿವಾನರಲ್ಲಿ ಒಬ್ಬರಾದ ಲಕ್ಷ್ಮೀನಾರಾಯಣಯ್ಯ ಬ್ರಾಹ್ಮಣರು; ದಂಗೆಗೆ ಒಳಸಹಾಯ ಮಾಡಿದರೆಂಬ ಆಪಾದನೆಯ ಮೇಲೆ ಸೆರೆಗೆ ಹೋದರು. ದಂಗೆಯನ್ನು ಅಡಗಿಸಲು ಕೊಡಗಿನಿಂದ ಕೆಳಗಿಳಿದ ಪಡೆಯ ಮುಂದಾಳು ದಿವಾನ ಅಪ್ಪಾರಂಡ ಬೋಪು. ಕಂಪನಿಗೆ ನಿಷ್ಠೆ ತೋರಿದವರಿಗೆ ಚಿನ್ನ, ಬೆಳ್ಳಿಯ ಪದಕಗಳು ಸಿಕ್ಕವು. ಇವರು ಈ ಕಡೆ, ಅವರು ಆ ಕಡೆ ಎಂದು ಜಾತಿಯಲ್ಲಿ ಗೆರೆ ಎಳೆಯಲು ಹೊರಟರೆ ಗೆರೆ ಎಲ್ಲೂ ನೇರ ಬರುವುದಿಲ್ಲ.

ಹದಿಮೂರು ದಿನ ಒಂದು ಜಿಲ್ಲಾ ಕೇಂದ್ರವನ್ನು, ಅದೂ ಬಂದರು ಪಟ್ಟಣವನ್ನು, ಜನ ಆಳಿದರು. ಇವತ್ತು ಯಾವ ದೇಶದಲ್ಲಿ ಜನ ಎದ್ದರೂ ವಾರದೊಳಗೆ ನೆರೆಯ ದೇಶಗಳು, ವಿಶ್ವಸಂಸ್ಥೆ ಎಲ್ಲರೂ ಬಾಯಿ ಹಾಕುತ್ತಾರೆ. ಅಮರ ಸುಳ್ಯದ ಬಗ್ಗೆ ಪಕ್ಕದ ಯಾವ ರಾಜ್ಯವೂ ತುಟಿ ಬಿಚ್ಚಲಿಲ್ಲವೇಕೆ?
— ನಿವೃತ್ತ ಕಂದಾಯ ನೌಕರರು, ಕಡಬ

ನಿಮ್ಮ ಪತ್ರ ಓದಿ ತುಂಬ ಹೊತ್ತು ಯೋಚಿಸಿದೆ. ಇದಕ್ಕೆ ಉತ್ತರ ಅದೇ 1837ರಲ್ಲಿ ಅದೇ ಬ್ರಿಟಿಷರ ವಿರುದ್ಧ ಭೂಮಿಯ ಇನ್ನೊಂದು ಮಗ್ಗುಲಲ್ಲಿ ನಡೆದ ದಂಗೆಯಲ್ಲಿದೆ.

ಆ ವರ್ಷದ ನವೆಂಬರ್, ಡಿಸೆಂಬರ್‌ನಲ್ಲಿ ಕೆನಡಾದ ರೈತರು, ಸಣ್ಣ ವ್ಯಾಪಾರಿಗಳು ಬ್ರಿಟಿಷ್ ಆಡಳಿತದ ಮೇಲೆ ತಿರುಗಿಬಿದ್ದರು. ಕೆಳ ಕೆನಡಾದಲ್ಲಿ ಪಾಪಿನೋ, ಮೇಲಿನ ಕೆನಡಾದಲ್ಲಿ ವಿಲಿಯಂ ಮೆಕೆಂಜಿ ಮುಂದಾಳುಗಳು. ಮೆಕೆಂಜಿಯ ಗುಂಪು ಟೊರಾಂಟೊ ಬಳಿ ಒಂದೇ ದಿನದ ಹೊಡೆದಾಟದಲ್ಲಿ ಚದುರಿಹೋಯಿತು. ಪಟ್ಟಣ ಅವರಿಗೆ ದಕ್ಕಲೇ ಇಲ್ಲ. ಬಲದ ಲೆಕ್ಕದಲ್ಲಿ ನಮ್ಮವರ ಸಾಧನೆಯೇ ದೊಡ್ಡದು. ಆದರೆ ಮೆಕೆಂಜಿ ಗಡಿ ದಾಟಿ ಅಮೆರಿಕಕ್ಕೆ ಓಡಿದ. ಅಲ್ಲಿ ಅವನಿಗೆ ಜನ, ಹಣ, ಬಂದೂಕು ಸಿಕ್ಕವು. ನಯಾಗರಾ ನದಿಯ ನಡುಗಡ್ಡೆಯೊಂದರಲ್ಲಿ ಠಾಣ್ಯ ಹೂಡಿದ. ಅವನಿಗೆ ಸಾಮಾನು ಸಾಗಿಸುತ್ತಿದ್ದ ‘ಕ್ಯಾರೊಲಿನ್’ ಎಂಬ ಅಮೆರಿಕನ್ ಉಗಿಹಡಗನ್ನು ಬ್ರಿಟಿಷ್ ಕಡೆಯವರು ಡಿಸೆಂಬರ್ 29ರ ರಾತ್ರಿ ಅಮೆರಿಕದ ದಡಕ್ಕೇ ನುಗ್ಗಿ ಹಿಡಿದು, ಬೆಂಕಿ ಹಚ್ಚಿ, ಜಲಪಾತದ ಕಡೆಗೆ ತೇಲಿಬಿಟ್ಟರು. ಅಮೆರಿಕದ ಪ್ರಜೆಯೊಬ್ಬ ಸತ್ತ. ಎರಡೂ ದೇಶಗಳು ಯುದ್ಧದ ಅಂಚಿಗೆ ಬಂದವು. ಅಮೆರಿಕದ ಅಧ್ಯಕ್ಷ ವ್ಯಾನ್ ಬ್ಯೂರನ್ ಗಡಿಯನ್ನು ಶಾಂತವಾಗಿಡಲು ಜನರಲ್ ಸ್ಕಾಟ್‌ನನ್ನು ಕಳಿಸಬೇಕಾಯಿತು. 1842ರ ಒಪ್ಪಂದದ ಹೊತ್ತಿಗಷ್ಟೇ ಆ ಜಗಳ ತಣ್ಣಗಾದದ್ದು. ಆತ್ಮರಕ್ಷಣೆಯ ಹೆಸರಿನಲ್ಲಿ ಒಂದು ದೇಶ ಇನ್ನೊಂದರ ನೆಲಕ್ಕೆ ಯಾವಾಗ ಕಾಲಿಡಬಹುದು ಎಂಬ ಚರ್ಚೆಯಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಪಂಡಿತರು ಇವತ್ತಿಗೂ ಕ್ಯಾರೊಲಿನ್ ಪ್ರಕರಣವನ್ನೇ ಎತ್ತುತ್ತಾರೆ. ಕೆನಡಾದಲ್ಲೂ ಗಲ್ಲುಗಳು ಬಿದ್ದವು, ನಿಜ. ಆದರೆ ಲಂಡನ್ ಸರಕಾರ ಲಾರ್ಡ್ ಡರ್ಹಮ್‌ನನ್ನು ಕಳಿಸಿ ಜನರ ದೂರು ಕೇಳಿಸಿತು. 1839ರ ಅವನ ವರದಿಯಿಂದ ಮುಂದೆ ಹತ್ತು ವರ್ಷದೊಳಗೆ ಅಲ್ಲಿ ಜವಾಬ್ದಾರಿ ಸರಕಾರ ಬಂತು.

ಸುಳ್ಯದ ರೈತ ಓಡಿಹೋಗಬೇಕೆಂದರೆ ಎಲ್ಲಿಗೆ ಓಡಬೇಕಿತ್ತು? ಸಂಪಾಜೆ ಹತ್ತಿದರೆ ಕೊಡಗು. ಅಲ್ಲಿ 1834ರಿಂದ ಕಂಪನಿಯ ಸೂಪರಿಂಟೆಂಡೆಂಟ್ ಕೂತಿದ್ದ. ಬಿಸಿಲೆ ಘಾಟಿ ಹತ್ತಿದರೆ ಮೈಸೂರು. 1830–31ರ ನಗರ ರೈತ ದಂಗೆಯನ್ನೇ ನೆಪ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದ. ತೆಂಕಲಿಗೆ ಮಲಬಾರು 1792ರಿಂದಲೂ ಕಂಪನಿಯದ್ದು. ಪರದೇಶದ ಬಾವುಟ ಹಾರುತ್ತಿದ್ದ ಹತ್ತಿರದ ಜಾಗ ಫ್ರೆಂಚರ ಮಾಹೆ. 1814ರ ಪ್ಯಾರಿಸ್ ಒಪ್ಪಂದದ ಪ್ರಕಾರ ಫ್ರೆಂಚರು ಅಲ್ಲಿ ಕೋಟೆ ಕಟ್ಟುವಂತಿರಲಿಲ್ಲ, ಪೊಲೀಸು ಕೆಲಸಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ಸೈನ್ಯ ಇಡುವಂತಿರಲಿಲ್ಲ. ಹೀಗೆ 1834ರ ಹೊತ್ತಿಗೆ ಘಟ್ಟದ ಸುತ್ತಲಿನ ಗಡಿಗಳೆಲ್ಲ ಮಾಯವಾಗಿದ್ದವು. ಗಡಿಯೇ ಇಲ್ಲದ ಮೇಲೆ ಗಡಿಯಾಚೆಯ ನೆರವು, ಮಧ್ಯಸ್ಥಿಕೆ, ಬಿಕ್ಕಟ್ಟು ಯಾವುದಕ್ಕೂ ಆಸ್ಪದವಿಲ್ಲ. ಕಂಪನಿಯ ಮಟ್ಟಿಗೆ ಅದು ತನ್ನ ಮನೆಯೊಳಗಿನ ಗಲಾಟೆ ಅಷ್ಟೇ ಆಯಿತು.

ನೀವು ಬಂದರಿನ ಮಾತೆತ್ತಿದ್ದು ಸರಿಯಾಗಿದೆ. ಮಂಗಳೂರು ಕೈಗೆ ಬಂತು, ಕಡಲು ಬರಲಿಲ್ಲ. ದಂಗೆಯವರಲ್ಲಿ ಹಡಗಿರಲಿಲ್ಲ. ಅಧಿಕಾರಿಗಳು ಕಣ್ಣೂರಿನ ಸೈನ್ಯದ ನೆರವಿಗೆ ಕಡಲದಾರಿಯನ್ನೇ ನಂಬಿದರು, ಸೈನ್ಯ ಬಂದಿಳಿಯಿತು. ಏಪ್ರಿಲ್ ತಿಂಗಳಲ್ಲಿ ಕಡಲು ತೆರೆದೇ ಇರುತ್ತದೆ. ಇದೇ ದಂಗೆ ಮಳೆ ಹಿಡಿದ ಮೇಲೆ, ಅಳಿವೆಬಾಗಿಲು ಮುಚ್ಚುವ ಜೂನ್‌ನಲ್ಲಿ ಆಗಿದ್ದರೆ ಮಂಗಳೂರು ಇನ್ನೂ ಕೆಲವು ವಾರ ಅವರ ಕೈಯಲ್ಲಿ ಉಳಿಯುತ್ತಿತ್ತು ಎಂಬುದು ನನ್ನ ಎಣಿಕೆ. ಗೆಲ್ಲುತ್ತಿದ್ದರು ಎಂದು ಹೇಳಲಾರೆ.

ಲಂಡನ್ನಿಗೆ ದೂರು ಮುಟ್ಟಿಸಿದವನು ಕೊನೆಗೂ ಒಬ್ಬನೇ: ಚಿಕ್ಕ ವೀರರಾಜೇಂದ್ರ. ದಂಗೆ ಕಳೆದು ಹದಿನೈದು ವರ್ಷಕ್ಕೆ, 1852ರಲ್ಲಿ, ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ಮಗಳಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಅಪ್ಪ ಕಂಪನಿಯ ಮೇಲೆ ತನ್ನ ಮನೆತನದ ಹಣಕ್ಕಾಗಿ ದಾವೆ ಹೂಡಿ, 1859ರಲ್ಲಿ ಅಲ್ಲೇ ತೀರಿಕೊಂಡ. ಆ ದಾವೆ ಅರಸನ ಗಂಟಿನದು. ಅದರಲ್ಲಿ ಸುಳ್ಯದ ಒಕ್ಕಲಿನ ಕಂದಾಯದ ಮಾತಿರಲಿಲ್ಲ.

ನಮ್ಮ ಮುತ್ತಜ್ಜನ ಅಜ್ಜನನ್ನು ದಂಗೆಯ ನಂತರ ಅಂಡಮಾನಿಗೆ ಸಾಗಿಸಿದರು ಎಂದು ಮನೆಯಲ್ಲಿ ಹೇಳುತ್ತಾರೆ. ದಾಖಲೆ ಸಿಗಬಹುದೇ?
— ಓದುಗರು, ಗುತ್ತಿಗಾರು

ಅಂಡಮಾನ್ ಆಗಿರಲಾರದು. ಅಲ್ಲಿನ ಕೈದಿ ವಸಾಹತು ಶುರುವಾದದ್ದು 1858ರಲ್ಲಿ. 1837ರ ಸುಮಾರಿಗೆ ಗಡೀಪಾರಾದ ಕೈದಿಗಳನ್ನು ಕಂಪನಿ ಪಿನಾಂಗ್, ಮಲಾಕ್ಕಾ, ಸಿಂಗಾಪುರಗಳಿಗೆ ಕಳಿಸುತ್ತಿತ್ತು. ಸಿಂಗಾಪುರದ ಹಳೆಯ ರಸ್ತೆಗಳನ್ನು, ಅಲ್ಲಿನ ಸೇಂಟ್ ಆ್ಯಂಡ್ರೂಸ್ ಇಗರ್ಜಿಯನ್ನು ಕಟ್ಟಿದ್ದು ಹೀಗೆ ಹೋದ ಭಾರತೀಯ ಕೈದಿಗಳು. ‘ಕರಿನೀರು’ ಅಂದ ಕೂಡಲೇ ಅಂಡಮಾನ್ ನೆನಪಾಗುವುದು ಆಮೇಲೆ ಬಂದ ಅಭ್ಯಾಸ. ನಿಮ್ಮ ಮನೆಯ ನೆನಪಿನಲ್ಲಿ ಊರಿನ ಹೆಸರು ಬದಲಾಗಿರಬೇಕು, ಸಂಗತಿ ಸುಳ್ಳಾಗಬೇಕಿಲ್ಲ. ಹುಡುಕುವುದಾದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಮದರಾಸು ಸರಕಾರದ ನ್ಯಾಯಾಂಗ ಇಲಾಖೆಯ ಕಡತಗಳಿಂದ ಆರಂಭಿಸಿ. ಹೆಸರನ್ನು ಇಂಗ್ಲಿಷರು ಹೇಗೆ ಹೇಗೆ ಕೆಡಿಸಿ ಬರೆದಿರಬಹುದು ಎಂದು ಮೊದಲೇ ನಾಲ್ಕಾರು ಬಗೆ ಬರೆದಿಟ್ಟುಕೊಂಡು ಹೋಗಿ.

ಗಲ್ಲಿಗೇರಿದವರ ಬಗ್ಗೆ ಕೇಳಿದ ಇತರರಿಗೂ ಇಲ್ಲೇ ಹೇಳುತ್ತೇನೆ. ಪುಟ್ಟಬಸಪ್ಪ ಮತ್ತು ಲಕ್ಷ್ಮಪ್ಪ ಬಂಗ ಅರಸರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ, ಮನೆಯವರ ಕಣ್ಣೆದುರಿಗೇ.

1857ಕ್ಕಿಂತ ಮೊದಲಿನದಾದ್ದರಿಂದ ಇದನ್ನೇ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಎನ್ನಬೇಕಲ್ಲವೇ?
— ಪದವಿ ವಿದ್ಯಾರ್ಥಿ, ಪುತ್ತೂರು

ಮೊದಲು ಯಾರು ಎಂಬ ಸ್ಪರ್ಧೆ ಬೇಡ. 1824ರಲ್ಲಿ ಕಿತ್ತೂರು, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ, ನಗರದ ರೈತರು, ಕದ್ರಿಯ ಕೂಟ ಎಲ್ಲವೂ 1837ಕ್ಕಿಂತ ಹಿಂದಿನವೇ. ಎನ್. ಶ್ಯಾಮ್ ಭಟ್ ಅವರು 1799ರಿಂದ 1860ರವರೆಗಿನ ದಕ್ಷಿಣ ಕನ್ನಡದ ಬಗ್ಗೆ ಮಾಡಿದ ಅಧ್ಯಯನ ಓದಿ. ಕೂಟಗಳಿಂದ ದಂಗೆಗೆ ಹೋದ ದಾರಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಥೆಯಾಗಿ ಓದಬೇಕೆಂದರೆ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರ ‘ಕಲ್ಯಾಣಸ್ವಾಮಿ’ ಕಾದಂಬರಿ ಇದೆ. ಕುಳ್ಕುಂದ ಈಗ ಕಡಬ ತಾಲೂಕಿನಲ್ಲಿದೆ.

ನಾನು ರಬ್ಬರ್ ತೋಟದ ಕಾಲೊನಿಯಲ್ಲಿ ಹುಟ್ಟಿದವನು. ಅಜ್ಜ ಅಜ್ಜಿ ಶ್ರೀಲಂಕಾದ ಚಹಾ ತೋಟದಿಂದ ಬಂದವರು. 1971ರಲ್ಲಿ ಅಲ್ಲಿ ದೊಡ್ಡ ದಂಗೆಯಾಯಿತು, ಅದಕ್ಕೇ ನಮ್ಮನ್ನು ಓಡಿಸಿದರು ಎಂದು ಅಜ್ಜಿ ಹೇಳುತ್ತಿದ್ದರು. ದಂಗೆ ಎದ್ದವರು ನಮ್ಮವರೇ?
— ಟ್ಯಾಪಿಂಗ್ ಕಾರ್ಮಿಕರು, ಸುಳ್ಯ ತಾಲೂಕು

ಅಲ್ಲ. 1971ರ ಏಪ್ರಿಲ್ 5ರಂದು ಅಲ್ಲಿ ಬಂಡೆದ್ದವರು ಜನತಾ ವಿಮುಕ್ತಿ ಪೆರಮುನದ ಸಿಂಹಳ ಯುವಕರು. ನಿಮ್ಮ ಅಜ್ಜ ಅಜ್ಜಿಯಂಥ ತೋಟದ ತಮಿಳರು ಅದರಲ್ಲಿ ಇರಲಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ ಆ ಪಕ್ಷ ತನ್ನ ಯುವಕರಿಗೆ ಹೇಳಿಕೊಡುತ್ತಿದ್ದ ಐದು ಪಾಠಗಳಲ್ಲಿ ಒಂದು ‘ಭಾರತದ ವಿಸ್ತರಣವಾದ’ದ ಕುರಿತಾಗಿತ್ತು. ತೋಟದ ತಮಿಳರನ್ನು ಅದರ ಕೈಗೊಂಬೆಗಳಂತೆ ನೋಡಲಾಗುತ್ತಿತ್ತು. ಆ ದಂಗೆಯನ್ನು ಅಡಗಿಸಲು ಪ್ರಧಾನಿ ಸಿರಿಮಾವೊ ಹೊರದೇಶಗಳ ನೆರವು ಕೇಳಿದರು. ಭಾರತ ಹೆಲಿಕಾಪ್ಟರ್, ಸೈನಿಕರನ್ನು ಕಳಿಸಿತು. ಬ್ರಿಟನ್, ಸೋವಿಯತ್ ಒಕ್ಕೂಟ, ಪಾಕಿಸ್ತಾನ ಎಲ್ಲವೂ ಒಂದೇ ಕಡೆ ನಿಂತವು.

ನಿಮ್ಮವರು ಬರಬೇಕಾಗಿ ಬಂದ ನಿರ್ಧಾರ ಅದಕ್ಕೂ ಹಿಂದಿನದು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಒಪ್ಪಂದಕ್ಕೆ ಸಹಿ ಹಾಕಿದರು. ಯಾವ ದೇಶದ ಪೌರತ್ವವೂ ಇಲ್ಲದ ಸುಮಾರು 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, ಉಳಿದವರ ಮಾತು ಮುಂದೆ ಎಂದಾಯಿತು. ತೋಟದ ಲೈನ್‌ಮನೆಗಳಲ್ಲಿದ್ದವರ ಅಭಿಪ್ರಾಯ ಕೇಳಲಿಲ್ಲ. 1973–74ರಲ್ಲಿ ತೋಟಗಳಲ್ಲಿ ಹಸಿವು ತಾಂಡವವಾಡಿದಾಗ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ದೋಣಿ ಹತ್ತುವವರು ಹೆಚ್ಚಾದರು. ಅಲ್ಲಿಂದ ಮಂಡಪಂ ಶಿಬಿರ, ಅಲ್ಲಿಂದ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟ. ಚಹಾ ಚಿಗುರು ಚಿವುಟುತ್ತಿದ್ದ ಕೈಗಳು ಕತ್ತಲೆ ಇರುವಾಗಲೇ ಎದ್ದು ಮರದ ತೊಗಟೆ ಗೀರಿ, ಹಾಲು ಬೀಳಲು ಚಿಪ್ಪು ಕಟ್ಟುವುದನ್ನು ಕಲಿತವು.

ನಿಮ್ಮ ಅಜ್ಜಿಯ ಮಾತು ಪೂರ್ತಿ ತಪ್ಪಲ್ಲ. ಯಾರೋ ಎದ್ದ ದಂಗೆಯ ಬಿಸಿ, ಯಾರೋ ಹಾಕಿದ ಸಹಿ, ಎರಡೂ ಅವರ ತಲೆಯ ಮೇಲೆಯೇ ಬಂದವು. ಅವರು ಬದುಕಿದ್ದರೆ ದಯವಿಟ್ಟು ಕೂತು ಮಾತಾಡಿಸಿ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಯಾವ ತೋಟ, ಯಾವ ವರ್ಷ, ಯಾವ ಶಿಬಿರ ಎಂಬ ವಿವರ ಅವರ ಬಾಯಿಂದಲೇ ಬರಬೇಕು. ನಮ್ಮ ಮೂರು ತಾಲೂಕುಗಳ ಇತಿಹಾಸದಲ್ಲಿ ನಿಮ್ಮ ಕಾಲೊನಿಗೂ ಅಮರ ಸುಳ್ಯದಷ್ಟೇ ಜಾಗವಿದೆ.

ಮನೆಯ ಅಟ್ಟದಲ್ಲಿ ಹಳೆಯ ಕಡತ, ಓಲೆಗರಿ ಇವೆ. ಅಜ್ಜನ ಕಾಲದ ಕಂದಾಯದ ಚೀಟಿಗಳೂ ಇರಬಹುದು. ಲ್ಯಾಮಿನೇಷನ್ ಮಾಡಿಸಲೇ?
— ಗೃಹಿಣಿ, ಪಂಜ

ಖಂಡಿತ ಬೇಡ. ಲ್ಯಾಮಿನೇಷನ್ ಮಾಡಿದ ಕಾಗದವನ್ನು ಆಮೇಲೆ ಉಳಿಸುವುದು ಬಹಳ ಕಷ್ಟ. ಪ್ಲಾಸ್ಟಿಕ್ ಚೀಲದಲ್ಲೂ ಕಟ್ಟಿಡಬೇಡಿ, ನಮ್ಮ ಕಡೆಯ ತೇವಕ್ಕೆ ಬೂಸಲು ಹಿಡಿಯುತ್ತದೆ. ಮಳೆ ಶುರುವಾಗುವ ಮೊದಲು ನೆರಳಲ್ಲಿ ಗಾಳಿಗೆ ಹರಡಿ, ಒಣ ಕುಂಚದಿಂದ ದೂಳು ತೆಗೆದು, ತೊಳೆದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ. ಓಲೆಗಳನ್ನು ಕಟ್ಟಿನ ಕ್ರಮ ತಪ್ಪಿಸದೆ, ಎರಡೂ ಬದಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಅಕ್ಷರ ತಿಗಳಾರಿಯಂತೆ ಕಂಡರೆ ಮಂಗಳೂರು ವಿಶ್ವವಿದ್ಯಾನಿಲಯದಲ್ಲೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೋ ಹಸ್ತಪ್ರತಿ ಬಲ್ಲವರನ್ನು ಕೇಳಿ. ಮೂಲವನ್ನು ಯಾರ ಕೈಗೂ ಕೊಟ್ಟುಬಿಡಬೇಡಿ, ಪ್ರತಿ ಮಾತ್ರ ಕೊಡಿ. 1834ರಿಂದ 1840ರ ನಡುವಿನ ಕಂದಾಯದ ಚೀಟಿ ಏನಾದರೂ ಸಿಕ್ಕಿದರೆ, ಅದರಲ್ಲಿ ಮುಡಿಯ ಲೆಕ್ಕ ಇದೆಯೋ ರೂಪಾಯಿಯ ಲೆಕ್ಕ ಇದೆಯೋ ನೋಡಿ ನನಗೊಂದು ಕಾಗದ ಬರೆಯಿರಿ.